ಮರಳಲ್ಲಿ ಹಾವು ಇರುತ್ತಾ, ಸಿಸ್ಟರ್?

ಪ್ರಶ್ನೆ: ಸಿಸ್ಟರ್, ನನಗೆ 34 ವರ್ಷ. ಇಬ್ಬರು ಮಕ್ಕಳು. ದೊಡ್ಡವನಿಗೆ ಎಂಟು, ಚಿಕ್ಕವಳಿಗೆ ಐದು. ಡಿಸೆಂಬರ್ ಕೊನೆಗೆ ಗೋಕರ್ಣಕ್ಕೆ ಹೋಗೋಣ ಎಂದು ನಮ್ಮ ಯಜಮಾನರು ಮೂರು ದಿನಕ್ಕೆ ರೂಮ್ ಬುಕ್ ಮಾಡಿದ್ದಾರೆ. ನನಗೆ ಹಾವು ಎಂದರೆ ವಿಪರೀತ ಭಯ. ಚಿಕ್ಕವಳಿದ್ದಾಗ ಚನ್ನಗಿರಿ ಹತ್ತಿರದ ನಮ್ಮೂರಲ್ಲಿ ಅಜ್ಜಿ ಪಕ್ಕ ನೆಲದ ಮೇಲೆ ಮಲಗುತ್ತಿದ್ದೆ. ಒಂದು ಬೆಳಗ್ಗೆ ಅಜ್ಜಿಗೆ ಹೊಟ್ಟೆನೋವು. ಆಮೇಲೆ ಕಣ್ಣು ಬಿಡಲು ಆಗಲಿಲ್ಲ, ಮಾತು ತೊದಲಿತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಹಾಸಿಗೆ ಮಡಚುವಾಗ ಹಾವು ಕಂಡಿತಂತೆ. ಈಗ ಮೈದುನ ಮೊಬೈಲ್‌ಗೆ ಒಂದು ವಿಡಿಯೊ ಕಳಿಸಿದ್ದಾನೆ. ಅಲೆಯ ಜೊತೆ ಪಟ್ಟೆಪಟ್ಟೆ ಹಾವು ದಡಕ್ಕೆ ಬರುತ್ತದೆ. ಅದನ್ನು ನೋಡಿದಾಗಿನಿಂದ ನಿದ್ದೆ ಇಲ್ಲ. ಯಜಮಾನರು ನಗುತ್ತಾರೆ. ಮರಳಲ್ಲಿ ಹಾವು ಹೂತುಕೊಂಡಿರುತ್ತಾ? ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತಾ? ಹೋಗೋದೇ ಬೇಡ ಎಂದುಬಿಡಲಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನನಗೂ ಹಾವು ಎಂದರೆ ಭಯ. ಕುಮಟಾ ಕಡೆ ಹುಟ್ಟಿ, ಕರಾವಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ 29 ವರ್ಷ ನರ್ಸ್ ಆಗಿದ್ದವಳು ನಾನು. ಹಾವು ಕಚ್ಚಿಸಿಕೊಂಡು ಬಂದವರನ್ನು ಕೈ ನಡುಗದೆ ನೋಡಿಕೊಂಡಿದ್ದೇನೆ. ಆದರೆ ಕೆಲವರು ಕಚ್ಚಿದ ಹಾವನ್ನೂ ಹೊಡೆದು, ಕೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಕಟ್ಟಿಕೊಂಡು ಡಾಕ್ಟರಿಗೆ ತೋರಿಸಲು ತರುತ್ತಾರಲ್ಲ, ಆಗ ಮಾತ್ರ ನಾನು ಮೇಜಿನ ಆಚೆ ಬದಿಗೆ. ಒಂದು ಸಲ ಕೊಟ್ಟೆಯೊಳಗಿನದು ಇನ್ನೂ ಸತ್ತಿರಲಿಲ್ಲ. ಅವತ್ತು ಇಡೀ ವಾರ್ಡ್ ಖಾಲಿ, ಕಾಲು ಮುರಿದುಕೊಂಡಿದ್ದ ಒಬ್ಬ ಅಜ್ಜನನ್ನು ಬಿಟ್ಟು. ಅದಕ್ಕೇ ನಿಮ್ಮ ಭಯಕ್ಕೆ ನಾನಂತೂ ನಗುವುದಿಲ್ಲ.

ಅಜ್ಜಿಯ ವಿಷಯಕ್ಕೆ ಮೊದಲು ಬರುತ್ತೇನೆ. ನೀವು ಬರೆದ ಲಕ್ಷಣ ನೋಡಿದರೆ ಅದು ಕಟ್ಟುಹಾವೇ ಇರಬೇಕು. ಕೆಲವರು ಕಡಂಬಳ ಎಂದೂ ಹೇಳುತ್ತಾರೆ. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರಿಗೆ ಕಚ್ಚುವುದೇ ಜಾಸ್ತಿ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಉರಿ ಇಲ್ಲ, ಬಾವು ಇಲ್ಲ, ಗಾಯ ಹುಡುಕಿದರೂ ಸಿಗುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಎಂದು ಏಳುತ್ತಾರೆ, ಮನೆಯವರು ಅಜೀರ್ಣ ಎಂದು ಓಮದ ನೀರು ಕೊಡುತ್ತಾರೆ. ರೆಪ್ಪೆ ಇಳಿದಾಗಲೇ ಅನುಮಾನ ಬರುವುದು. ನಿಮ್ಮ ಮನೆಯವರು ತಡ ಮಾಡಿದರು ಎಂದು ನಾನು ಹೇಳಲಾರೆ. ಪಕ್ಕದಲ್ಲೇ ಇದ್ದ ಮಗುವಿಗೆ ಗೊತ್ತಾಗಬೇಕಿತ್ತು ಎಂದು ನಿಮ್ಮ ಮನಸ್ಸಿನ ಮೂಲೆಯಲ್ಲಿ ಏನಾದರೂ ಇದ್ದರೆ, ದಯವಿಟ್ಟು ಅದನ್ನು ತೆಗೆದುಹಾಕಿ.

ಆದರೆ ಒಂದು ಗಮನಿಸಿ. ನಿಮ್ಮ ಭಯ ಹುಟ್ಟಿದ್ದು ಮನೆಯ ನೆಲದ ಮೇಲೆ. ಈಗ ನೀವು ಅದನ್ನು ಸಮುದ್ರದಲ್ಲಿ ಹುಡುಕುತ್ತಿದ್ದೀರಿ.

ಸಮುದ್ರದಲ್ಲಿ ಹಾವು ಇಲ್ಲವಾ? ಇದೆ. ನನಗೆ ಹತ್ತು ವರ್ಷ ಇದ್ದಾಗ, ಆಷಾಢದ ಒಂದು ಬೆಳಗ್ಗೆ ಧಾರೇಶ್ವರದ ದಂಡೆಗೆ ಹೋಗಿದ್ದೆ. ಮಳೆಗಾಲದಲ್ಲಿ ಕಡಲು ಏನೇನೋ ತಂದು ಎಸೆಯುತ್ತದೆ. ತೆಂಗಿನಕಾಯಿ, ಒಂಟಿ ಚಪ್ಪಲಿ, ಬಲೆಯ ತುಂಡು. ಒಂದು ಹಗ್ಗ ಬಿದ್ದಿತ್ತು. ದನ ಕಟ್ಟಲು ಆಗುತ್ತದೆ ಎಂದು ಬಗ್ಗಿದೆ. ಹಗ್ಗಕ್ಕೆ ಕಣ್ಣಿತ್ತು. ಎಲ್ಲರೂ ಹಗ್ಗ ನೋಡಿ ಹಾವು ಎಂದು ಓಡಿದರೆ, ನಾನು ಹಾವು ನೋಡಿ ಹಗ್ಗ ಎಂದು ಹತ್ತಿರ ಹೋದವಳು. ಅದು ಏನು ಮಾಡಿತು ಗೊತ್ತಾ? ಏನೂ ಮಾಡಲಿಲ್ಲ. ಅಲ್ಲಲ್ಲೇ ಮಗ್ಗುಲು ಬದಲಿಸಿತು, ಅಷ್ಟೇ. ಓಡಿ ಬಂದ ಮಾವ ಉದ್ದನೆಯ ಕೋಲಿನಿಂದ ಎತ್ತಿ ನೀರಿಗೆ ಎಸೆದ. ನೀರು ಮುಟ್ಟಿದ್ದೇ ತಡ, ಬಾಣದ ಹಾಗೆ ಮಾಯ.

ಅದರ ಕಾರಣ ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ನೆಲದ ಹಾವಿಗೆ ಹೊಟ್ಟೆಯಡಿ ಅಗಲವಾದ ಪಟ್ಟಿಯಂಥ ಹುರುಪೆ ಇರುತ್ತದೆ. ಅದನ್ನು ಊರಿಕೊಂಡು ಅದು ಹರಿಯುತ್ತದೆ. ನಮ್ಮ ಕಡಲ ಹಾವುಗಳಿಗೆ ಆ ಪಟ್ಟಿ ಸಣ್ಣದಾಗಿಬಿಟ್ಟಿದೆ. ಬದಲಿಗೆ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಈಜಲು ಹೇಳಿ ಮಾಡಿಸಿದ ಮೈ, ಮರಳ ಮೇಲೆ ಕೆಲಸಕ್ಕೆ ಬಾರದ್ದು. ಅವು ಮರಿ ಹಾಕುವುದೂ ನೀರಲ್ಲೇ. ದಡದಲ್ಲಿ ಅವಕ್ಕೇನೂ ಕೆಲಸವಿಲ್ಲ. ದಡದಲ್ಲಿ ಕಂಡರೆ ಅದು ಗಾಯಗೊಂಡದ್ದೋ, ಅಲೆಗೆ ಸಿಕ್ಕಿ ಬಂದದ್ದೋ, ಬಲೆಯಿಂದ ಬಿಸಾಡಿದ್ದೋ ಆಗಿರುತ್ತದೆ. ನೀವು ಹೋಗುವ ಡಿಸೆಂಬರ್‌ನಲ್ಲಿ ಕಡಲು ಶಾಂತ. ಕಂಡರೆ ಸುಮ್ನೆ ಹತ್ತು ಹೆಜ್ಜೆ ದೂರ ನಡೆಯಿರಿ, ಅದು ಹಿಂದೆ ಬರಲಾರದು. ಸತ್ತಂತೆ ಕಂಡರೂ ಮಕ್ಕಳು ಮುಟ್ಟಬಾರದು. ಅದರ ಬಾಯಿ ಸಣ್ಣದು, ಕಚ್ಚಲಾರದು ಎಂದು ದಂಡೆಯಲ್ಲಿ ಯಾರಾದರೂ ಜಾಣರು ಹೇಳಿದರೆ ನಂಬಬೇಡಿ. ಕಚ್ಚಬಲ್ಲದು, ವಿಷವೂ ಜೋರಾಗಿಯೇ ಇದೆ.

ಹಾಗಾದರೆ ಅದು ಕಚ್ಚುವುದು ಯಾರಿಗೆ? ಮೀನುಗಾರರಿಗೆ. ನಮ್ಮ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ನೀವು ಅಲ್ಲಿ ನೋಡಬಹುದು. ಎರಡೂ ಬದಿ ಸಾಲಾಗಿ ನಿಂತು ಎಳೆಯುತ್ತಾರೆ. ಬಲೆಯಲ್ಲಿ ತಾರ್ಲೆ, ಬಂಗಡೆ ಜೊತೆ ಇವೂ ಸಿಕ್ಕಿಕೊಂಡಿರುತ್ತವೆ. ಮೀನು ಬಿಡಿಸುವ ಅವಸರದಲ್ಲಿ ಕೈ ಹಾಕಿದರೆ ಕಚ್ಚುತ್ತವೆ. ನನ್ನ 29 ವರ್ಷದಲ್ಲಿ ಕಡಲ ಹಾವು ಕಚ್ಚಿ ಬಂದವರು ಇಬ್ಬರೇ, ಇಬ್ಬರೂ ಬಲೆ ಬಿಡಿಸುತ್ತಿದ್ದವರು. ಒಬ್ಬನಿಗೆ ಏನೂ ಆಗಲಿಲ್ಲ. ಇನ್ನೊಬ್ಬನಿಗೆ ಮೊದಲು ನೋವೇ ಇರಲಿಲ್ಲ. ಸಂಜೆಗೆ ಮೈಯೆಲ್ಲ ಬಿಗಿದು, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿ, ಡಯಾಲಿಸಿಸ್ ಆಗಿ, ಬದುಕಿ ಬಂದ. ಈಗಲೂ ಬಲೆಗೆ ಹೋಗುತ್ತಾನೆ. ನೀವು ಬಲೆ ಎಳೆಯುವುದನ್ನು ನೋಡಿ, ಮೀನು ಕೊಳ್ಳಿ. ಮಕ್ಕಳು ಬಲೆಗೆ ಕೈ ಹಾಕದಿದ್ದರೆ ಸಾಕು.

ಈಜುವವರ ಕಾಲಿಗೆ ಸುತ್ತಿಕೊಳ್ಳುತ್ತದೆ ಎನ್ನುವುದು ಬರೀ ಮಾತು. ಮರಳಲ್ಲಿ ಹೂತುಕೊಂಡಿರುವುದು ಸಣ್ಣ ಏಡಿಗಳು. ಆಳವಿಲ್ಲದ ನೀರಲ್ಲಿ ಒಮ್ಮೊಮ್ಮೆ ತೊರಕೆ ಮೀನು ಮರಳು ಹೊದ್ದು ಮಲಗಿರುತ್ತದೆ, ಅದರ ಬಾಲದಲ್ಲಿ ಮುಳ್ಳಿದೆ. ಕಾಲೆತ್ತಿ ಇಡುವ ಬದಲು ಎಳೆದುಕೊಂಡು ನಡೆದರೆ ಅದೇ ಓಡಿಹೋಗುತ್ತದೆ. ಇನ್ನು ನಾಗರಹಾವು, ಕೇರೆ ಹಾವಿನಂಥ ನೆಲದ ಹಾವುಗಳಿಗೆ ಬಯಲು ಮರಳು ಸೇರುವುದಿಲ್ಲ. ಬಿಸಿಲಿಗೆ ಕಾದ ಮರಳು, ಅಡಗಲು ಜಾಗವಿಲ್ಲ, ಕಪ್ಪೆ ಇಲ್ಲ, ಮೇಲೆ ಗರುಡ ಸುತ್ತುತ್ತಿರುತ್ತದೆ. ನಾನೇ ಹಾವಾಗಿದ್ದರೂ ಅಲ್ಲಿಗೆ ಬರುತ್ತಿರಲಿಲ್ಲ.

ಹಾವು ಇರುವುದು ಮರಳು ಮುಗಿಯುವಲ್ಲಿ. ದಂಡೆಯ ಹಿಂದಿನ ಕೇದಗೆ ಮೆಳೆ, ತೆಂಗಿನ ಸಿಪ್ಪೆಯ ರಾಶಿ, ಸಂದುಸಂದಿನ ಚಿರೇಕಲ್ಲಿನ ಪಾಗಾರ (ಕಾಂಪೌಂಡ್ ಗೋಡೆ), ಹೋಟೆಲಿನ ಅಡುಗೆಮನೆ ಹಿಂಬದಿ. ಅನ್ನ ಚೆಲ್ಲಿದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಓಂ ಬೀಚ್‌ನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ಗುಡ್ಡದ ಮೇಲೆ ಕಾಲುದಾರಿ ಇದೆ. ಕಲ್ಲು, ಕುರುಚಲು, ಒಣಗಿದ ಎಲೆ. ಕೊಳಕುಮಂಡಲಕ್ಕೆ ಇಷ್ಟವಾಗುವ ಜಾಗ ಅಂಥದ್ದೇ. ಅದು ಒಣ ಎಲೆಯಲ್ಲಿ ಬೆರೆತುಹೋಗುತ್ತದೆ, ಆದರೆ ಸಿಟ್ಟು ಬಂದರೆ ಕುಕ್ಕರ್ ಸೀಟಿ ಬಿಟ್ಟಂತೆ ಬುಸುಗುಡುತ್ತದೆ. ನಿಮ್ಮಂಥವರು ಆ ದಾರಿ ಬಿಟ್ಟುಬಿಡಿ, ದೋಣಿ ಸಿಕ್ಕರೆ ದೋಣಿಯಲ್ಲಿ ಹೋಗಿ. ಯಜಮಾನರು ನಡೆದೇ ಬರುತ್ತೇನೆ ಎಂದರೆ ಬೂಟು ಹಾಕಿಕೊಂಡು, ಬೆಳಕಿರುವಾಗ ಬರಲಿ.

ಸೂರ್ಯ ಮುಳುಗಿದ ಮೇಲೆ ನಡೆಯುವುದೇ ಇದೆ ಎಂದು ಮೊದಲೇ ಲೆಕ್ಕ ಹಾಕಿ. ಎಲ್ಲರೂ ಮುಳುಗುವ ಸೂರ್ಯನನ್ನು ನೋಡಲು ಬರುತ್ತಾರೆ, ನೋಡಿದ ಮೇಲೆ ಕತ್ತಲಾಗುತ್ತದೆ ಎನ್ನುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ! ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಮೊಬೈಲ್ ನೋಡುತ್ತ ತೋಟದ ದಾರಿಯಲ್ಲಿ ಬರುತ್ತಾರೆ. ಒಂದು ಒಳ್ಳೆ ಬ್ಯಾಟರಿ ತನ್ನಿ. ಮುಂದೆ ನಡೆಯುವವರ ಕೈಯಲ್ಲಿರಲಿ, ಬೆಳಕು ಕಾಲಿನ ಮುಂದೆ ಬೀಳಲಿ.

ಇನ್ನೊಂದು ಮಾತು, ಇಡೀ ಉತ್ತರದಲ್ಲಿ ನೀವು ಇದೊಂದನ್ನು ಮರೆಯಬೇಡಿ. ನಾಲ್ಕು ಜನಕ್ಕೆ ಒಂದೇ ರೂಮ್ ತಾನೇ? ಮಂಚ ಒಂದೇ ಇರುತ್ತದೆ. ಮಕ್ಕಳಿಗೆ ಎಕ್ಸ್‌ಟ್ರಾ ಬೆಡ್ ಎಂದು ನೆಲದ ಮೇಲೆ ಹಾಸಿಗೆ ಹಾಕಿಕೊಡುತ್ತಾರೆ. ಬೇಡ ಎನ್ನಿ. ಈಗಲೇ ಫೋನ್ ಮಾಡಿ ಎರಡು ಮಂಚ ಕೇಳಿ. ಗರಿ ಹೊದಿಸಿದ ಗುಡಿಸಲು ನೋಡಲು ಚೆಂದ, ನಿಮಗೆ ಸಿಮೆಂಟ್ ರೂಮೇ ಸರಿ. ಸೊಳ್ಳೆಪರದೆ ಒಯ್ದು ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಸೊಳ್ಳೆಗೂ ಆಯಿತು, ಕಟ್ಟುಹಾವಿಗೂ ಆಯಿತು.

ಅಕಸ್ಮಾತ್ ಕಚ್ಚಿದರೆ? ಕೊಯ್ಯಬೇಡಿ, ಚೀಪಬೇಡಿ, ಹಗ್ಗದಿಂದ ಬಿಗಿಯಬೇಡಿ. ಉಂಗುರ, ಕಾಲುಚೈನು ತೆಗೆಯಿರಿ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಸಡಿಲವಾಗಿ ಪಟ್ಟಿ ಕಟ್ಟಿ 108ಕ್ಕೆ ಫೋನ್ ಮಾಡಿ. ಹಾವನ್ನು ಹೊಡೆದು ತರುವುದಂತೂ ಬೇಡವೇ ಬೇಡ, ನನ್ನಂಥ ಸಿಸ್ಟರ್‌ಗಳ ಮೇಲೆ ಕರುಣೆ ಇರಲಿ. ಗೋಕರ್ಣದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಕುಮಟಾದ ತಾಲ್ಲೂಕು ಆಸ್ಪತ್ರೆ ಸುಮಾರು 30 ಕಿ.ಮೀ. ಅಲ್ಲಿ ಒಣಗಿದ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತೇವೆ. ಓರೆ ಮಾಡಿದಾಗ ಹೆಪ್ಪುಗಟ್ಟಿರದಿದ್ದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ಆ 20 ನಿಮಿಷ ರೋಗಿಯ ಮನೆಯವರು ನಳಿಕೆಯನ್ನು ನೋಡುವ ನೋಟ ನಾನು ಮರೆತಿಲ್ಲ. ನಮ್ಮಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಕೆಲಸ ಮಾಡುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು 2024ರಲ್ಲಿ ನಮ್ಮ ರಾಜ್ಯ ನಿಯಮ ತಂದಿದೆ. ನನ್ನ ಕಾಲದಲ್ಲಿ ಇರಲಿಲ್ಲ, ಬಂದದ್ದು ಒಳ್ಳೆಯದಾಯಿತು.

ಇಷ್ಟೆಲ್ಲ ಓದಿದ ಮೇಲೂ ಭಯ ಹೋಗುವುದಿಲ್ಲ, ಗೊತ್ತು. ಆ ವಿಡಿಯೊ ಅಳಿಸಿ. ಮೈದುನನಿಗೆ ನಾನು ಬೈದೆ ಎಂದು ಹೇಳಿ. ನಿದ್ದೆ ಬಾರದ್ದು ಹೀಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಗೋಕರ್ಣಕ್ಕೆ ಹೋಗಿ. ಯಜಮಾನರಿಗೆ ಒಂದು ಕೆಲಸ ಕೊಡಿ: ನಗುವುದು ಬಿಟ್ಟು, ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ಕೈಗೆ ಸಿಗುವ ದೂರದಲ್ಲಿ ನಿಲ್ಲಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರನ್ನು ಕಡಲು ಎಳೆದುಕೊಂಡಿತು. ನಮ್ಮ ದಂಡೆಯಲ್ಲಿ ನನಗೆ ಹೆದರಿಕೆ ಇರುವುದು ಆ ಸೆಳೆತದ್ದು.

ಪ್ರಶ್ನೆ: ಮದುವೆಯಾಗಿ ಒಂದು ತಿಂಗಳು. ಫೆಬ್ರವರಿಯಲ್ಲಿ ಅಂಡಮಾನ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಹಾವು ಸಮುದ್ರದಿಂದ ಎದ್ದು ಬೀಚಿಗೆ ಬರುತ್ತದಂತೆ, ನಿಜವಾ?
— ಹೊಸ ಜೋಡಿ, ಹಾಸನ

ಉತ್ತರ: ನಿಜ. ದಾವಣಗೆರೆಯ ತಂಗಿಗೆ ಬಂದ ವಿಡಿಯೊದಲ್ಲಿ ಇದ್ದದ್ದೂ ಅಂಥದ್ದೇ ಇರಬಹುದು. ನೀಲಿ ಮಿಶ್ರಿತ ಬೂದು ಮೈ, ಕಪ್ಪು ಪಟ್ಟೆ, ಹಳದಿ ತುಟಿ. ಇದು ನಮ್ಮ ಕಡಲ ಹಾವಿನಂತಲ್ಲ, ನೆಲದ ಮೇಲೂ ಹರಿಯಬಲ್ಲದು. ಮೀನು ತಿಂದು, ದಡಕ್ಕೆ ಬಂದು ಕಲ್ಲುಸಂದಿಯಲ್ಲಿ, ಬೇರಿನಡಿ ಅರಗಿಸಿಕೊಳ್ಳುತ್ತ ಮಲಗುತ್ತದೆ. ಪೊರೆ ಬಿಡುವುದೂ ಮೊಟ್ಟೆ ಇಡುವುದೂ ದಡದಲ್ಲೇ. ವಿಷ ಇದೆ, ಆದರೆ ಮೈಮೇಲೆ ಬರುವ ಸ್ವಭಾವದ್ದಲ್ಲ. ಹತ್ತಿರ ಹೋಗಿ ಸೆಲ್ಫಿ ಬೇಡ. ಕಲ್ಲುಸಂದಿಗೆ ಕೈ ಹಾಕಬೇಡಿ. ಕಡಲ ಹಾವಿನ ವಿಷಕ್ಕೆ ಭಾರತದಲ್ಲಿ ಔಷಧ ತಯಾರಾಗುವುದಿಲ್ಲ, ಆಸ್ಪತ್ರೆಯಲ್ಲಿ ಉಸಿರು, ಮೂತ್ರಪಿಂಡ ಕಾಪಾಡಿಕೊಂಡು ಕಾಯಬೇಕು.

ಅಲ್ಲಿ ಕೊಳಕುಮಂಡಲ ಇಲ್ಲ, ಅದೊಂದು ಸಮಾಧಾನ. ಆದರೆ ಮೊಸಳೆ ಇದೆ, ಉಪ್ಪುನೀರಿನದ್ದು. 2010ರಲ್ಲಿ ಹ್ಯಾವ್‌ಲಾಕ್ ದ್ವೀಪದಲ್ಲಿ ಪ್ರವಾಸಿ ಮಹಿಳೆಯೊಬ್ಬರು ಅದಕ್ಕೆ ಬಲಿಯಾಗಿದ್ದರು. ದ್ವೀಪಕ್ಕೆ ಈಗ ಸ್ವರಾಜ್ ದ್ವೀಪ ಎಂದು ಹೆಸರು. ಮೊಸಳೆಯ ಎಚ್ಚರಿಕೆ ಬೋರ್ಡ್ ಕಂಡ ಕಡೆ ನೀರಿಗೆ ಇಳಿಯಬೇಡಿ. ಹೋಗಿ ಬನ್ನಿ, ಫೋಟೊ ಕಳಿಸಿ. ಹಾವಿನದ್ದು ಬೇಡ.

ಪ್ರಶ್ನೆ: ಪ್ರವಾಸ ಹೋದಾಗ ರೂಮಿನ ಸುತ್ತ ಬೆಳ್ಳುಳ್ಳಿ ನೀರು, ಕಾರ್ಬಾಲಿಕ್ ಆ್ಯಸಿಡ್ ಹಾಕಿದರೆ ಹಾವು ಬರುವುದಿಲ್ಲ ಎನ್ನುತ್ತಾರೆ. ಬ್ಯಾಗಿನಲ್ಲಿ ಒಯ್ಯಲೋ?
— ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ಉತ್ತರ: ಬೇಡ ಸರ್. ಎರಡಕ್ಕೂ ಹಾವು ಹೆದರುವುದಿಲ್ಲ. ಆ್ಯಸಿಡ್ ಬ್ಯಾಗಿನಲ್ಲಿ ಸೋರಿದರೆ ಸುಡುವುದು ನಿಮ್ಮ ಚರ್ಮ. ಬೆಳ್ಳುಳ್ಳಿ ಚಟ್ನಿ ಪುಡಿಗೆ ಇರಲಿ, ಅದನ್ನು ಖಂಡಿತ ಒಯ್ಯಿರಿ. ರೂಮಿಗೆ ಹೋದ ತಕ್ಷಣ ಬಾಗಿಲ ಕೆಳಗಿನ ಸಂದು ನೋಡಿ, ದೊಡ್ಡದಿದ್ದರೆ ಹಳೇ ಟವೆಲ್ ಸುತ್ತಿ ತುರುಕಿ. ಬಚ್ಚಲ ತೂತಿನ ಜಾಲರಿ ಕಿತ್ತುಹೋಗಿದ್ದರೆ ಬೇರೆ ರೂಮ್ ಕೇಳಿ. ಕೊಡದಿದ್ದರೆ ರಾತ್ರಿ ಅದರ ಮೇಲೆ ನೀರು ತುಂಬಿದ ಬಕೆಟ್ ಇಟ್ಟು ಮಲಗಿ.