ಓದುಗರ ಪ್ರಶ್ನೆ: ಕಾಂಗ್ರೆಸ್ ಗಿಡ ತಿನ್ನುವ ದುಂಬಿ ಎಲ್ಲಿ ಹೋಯಿತು?

ಹೊರದೇಶಗಳಿಂದ ಬಂದು ನೆಲೆಯೂರಿದ ಕಳೆಗಳನ್ನು ಹುಳುಗಳ ಮೂಲಕ ಹತೋಟಿಗೆ ತರುವ ವಿಷಯವಾಗಿ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮುಂಗಾರಿನಲ್ಲಿ ನಮ್ಮ ಬದುವಿನ ಮೇಲಿದ್ದ ಕಾಂಗ್ರೆಸ್ ಗಿಡಗಳನ್ನು ಪಟ್ಟೆಪಟ್ಟೆಯ ಸಣ್ಣ ದುಂಬಿಗಳು ತಿಂದು ಬರೀ ಕಡ್ಡಿ ಉಳಿಸಿದ್ದವು. ದೀಪಾವಳಿ ಕಳೆದ ಮೇಲೆ ಹುಡುಕಿದರೂ ಒಂದು ದುಂಬಿ ಕಾಣಲಿಲ್ಲ, ಗಿಡಗಳು ಮಾತ್ರ ಮತ್ತೆ ಹೂಬಿಟ್ಟು ನಿಂತಿವೆ. ದುಂಬಿಗಳು ಸತ್ತುಹೋದವೆ? ಪಕ್ಕದ ಹೊಲದಲ್ಲಿ ಸೂರ್ಯಕಾಂತಿ ಇದ್ದು, ಅದಕ್ಕೂ ತಗಲುತ್ತವೆಂದು ನೆರೆಯವರು ಔಷಧಿ ಹೊಡೆಯಲು ಒತ್ತಾಯಿಸುತ್ತಿದ್ದಾರೆ. (ಹಿರಿಯೂರು ತಾಲ್ಲೂಕಿನ ರೈತರು)

ಉತ್ತರ: ಸತ್ತಿಲ್ಲ, ನಿಮ್ಮ ಬದುವಿನ ಮಣ್ಣಿನೊಳಗೇ ಮಲಗಿವೆ. ನೀವು ಕಂಡದ್ದು ಜೈಗೋಗ್ರಾಮಾ ಬೈಕೊಲೊರೇಟಾ ಎಂಬ ಮೆಕ್ಸಿಕೊ ಮೂಲದ ದುಂಬಿ. ಕೆನೆ ಬಣ್ಣದ ಬೆನ್ನಿನ ಮೇಲೆ ಉದ್ದಕ್ಕೆ ಕಂದು ಗೆರೆಗಳಿರುವ, ತೊಗರಿ ಕಾಳಿನಷ್ಟು ಗಾತ್ರದ ಈ ಜೀವಿಯನ್ನು 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷೆಗಳನ್ನು ಮುಗಿಸಿ, 1984ರಲ್ಲಿ ಹೊರಗೆ ಬಿಡಲಾಯಿತು. ಆರಂಭದ ಕೆಲವು ವರ್ಷ ಅದು ಇದೆಯೋ ಇಲ್ಲವೋ ಎಂಬಂತಿತ್ತು. ಆಮೇಲೆ ಬೆಂಗಳೂರಿನ ಸುತ್ತಮುತ್ತ ಗಿಡಗಳು ಎಲೆಯಿಲ್ಲದೆ ನಿಲ್ಲುವಷ್ಟು ಸಂಖ್ಯೆಯಲ್ಲಿ ಹೆಚ್ಚಿತು. ಇಂದು ಅದು ದೇಶದ ಬಹುಭಾಗವನ್ನು ಹಬ್ಬಿ, ಯಾರೂ ಕೊಂಡೊಯ್ಯದೆ ನೇಪಾಳ, ಪಾಕಿಸ್ತಾನಗಳನ್ನೂ ತಲುಪಿದೆ.

ಎಲೆಯ ಅಡಿಯಲ್ಲಿ ಮೊಟ್ಟೆಯಿಡುವ ಈ ದುಂಬಿಯ ಮರಿಹುಳುಗಳು ಮೊದಲು ಕುಡಿಯನ್ನೂ ಮೊಗ್ಗನ್ನೂ ಹುಡುಕಿ ತಿನ್ನುತ್ತವೆ. ಬೆಳೆದ ಹುಳು ಮಣ್ಣಿಗಿಳಿದು ಕೋಶಾವಸ್ಥೆ ಕಳೆಯುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು ಸಾಕಾಗುವುದರಿಂದ ಒಂದು ಮಳೆಗಾಲದಲ್ಲಿ ಹಲವು ತಲೆಮಾರುಗಳು ಆಗಿಹೋಗುತ್ತವೆ. ಹಿಂಗಾರು ಮುಗಿದು ನೆಲ ಆರತೊಡಗಿದಾಗ ದುಂಬಿಗಳು ಮಣ್ಣನ್ನು ಹೊಕ್ಕು, ಊಟ ಓಡಾಟಗಳನ್ನು ಬಿಟ್ಟು, ಮುಂದಿನ ಮುಂಗಾರಿನವರೆಗೆ ಮಲಗಿಬಿಡುತ್ತವೆ. ಕಾಂಗ್ರೆಸ್ ಗಿಡಕ್ಕೆ ಇಂಥ ವಿಶ್ರಾಂತಿ ಬೇಕಿಲ್ಲ. ಸ್ವಲ್ಪ ತೇವವಿದ್ದರೆ ವರ್ಷದ ಯಾವ ತಿಂಗಳಲ್ಲಾದರೂ ಮೊಳೆತು ಹೂಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ದುಂಬಿ ಮಲಗಿರುವ ಈ ಕೆಲವು ತಿಂಗಳ ಕೆಲಸ ಮನುಷ್ಯರದು: ಹೂಬಿಡುವ ಮೊದಲೇ, ಕೈಗೆ ಗವಸು ಹಾಕಿಕೊಂಡು ಗಿಡಗಳನ್ನು ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಕಿತ್ತು ವರ್ಷಗಟ್ಟಲೆ ತುರಿಕೆಯಿಂದ ನರಳಿದವರು ಹಳ್ಳಿಹಳ್ಳಿಯಲ್ಲೂ ಇದ್ದಾರೆ.

ಸೂರ್ಯಕಾಂತಿಯ ಅನುಮಾನ ಹಳೆಯದು, ನೆರೆಯವರನ್ನು ದೂರುವಂತಿಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಕೆಲವು ಸೂರ್ಯಕಾಂತಿ ಹೊಲಗಳಲ್ಲಿ ಈ ದುಂಬಿ ಎಲೆ ತಿನ್ನುತ್ತಿರುವುದು ಕಂಡುಬಂದು ದೊಡ್ಡ ಗದ್ದಲವೇ ಆಯಿತು. ತಜ್ಞರ ಸಮಿತಿ ರಚನೆಯಾಯಿತು, ಹೊಸದಾಗಿ ದುಂಬಿ ಬಿಡುವ ಕೆಲಸ ವರ್ಷಗಳ ಕಾಲ ನಿಂತಿತು. ಸಂಶೋಧಕರು ಪರಿಶೀಲಿಸಿದಾಗ ಸಿಕ್ಕ ಒಂದು ಕಾರಣ ಸ್ವಾರಸ್ಯಕರವಾಗಿತ್ತು. ಅಕ್ಕಪಕ್ಕದ ಕಾಂಗ್ರೆಸ್ ಗಿಡಗಳ ಪರಾಗ ಗಾಳಿಯಲ್ಲಿ ಹಾರಿಬಂದು ಸೂರ್ಯಕಾಂತಿ ಎಲೆಯ ಮೇಲೆ ಕೂತಿರುತ್ತದೆ, ಅದರ ರುಚಿಗೆ ದುಂಬಿ ಎಲೆಯನ್ನು ಕೆರೆಯುತ್ತದೆ. ಎರಡೂ ಗಿಡಗಳು ಒಂದೇ ಸಸ್ಯಕುಟುಂಬದವು ಎಂಬುದನ್ನೂ ಮರೆಯಬಾರದು. ಆದರೆ ಸೂರ್ಯಕಾಂತಿಯನ್ನೇ ನಂಬಿ ಈ ದುಂಬಿ ತನ್ನ ಸಂತತಿಯನ್ನು ಬೆಳೆಸಿಕೊಳ್ಳಲಾರದೆಂಬುದು ಖಚಿತವಾದ ಮೇಲೆ ಅದನ್ನು ಬೆಳೆಯ ಪೀಡೆಯೆಂದು ಪರಿಗಣಿಸಲಿಲ್ಲ. ಆದ್ದರಿಂದ ಔಷಧಿ ಹೊಡೆಯಬೇಡಿ. ಹೊಲದ ಅಂಚಿನ ಕಾಂಗ್ರೆಸ್ ಗಿಡಗಳನ್ನು ಕಿತ್ತರೆ ಪರಾಗವೂ ಇರದು, ದುಂಬಿಯೂ ಬಾರದು. ದುಂಬಿಯಿಲ್ಲದ ಜಾಗಕ್ಕೆ ಅದು ಬೇಕಿದ್ದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಗಾಳಿಯಾಡುವ ಡಬ್ಬಿಯಲ್ಲಿ ಅದೇ ಗಿಡದ ಎಲೆಗಳೊಡನೆ ಹಿಡಿದು ಒಯ್ದು ಬಿಡಬಹುದು.

ಪ್ರಶ್ನೆ: ನಮ್ಮ ಅಜ್ಜಿಯ ಕಾಲದಲ್ಲಿ ಊರ ಸುತ್ತ ಪಾಪಾಸುಕಳ್ಳಿಯ ಪೊದೆಗಳೇ ತುಂಬಿದ್ದವಂತೆ, ಆಮೇಲೆ ತಾನಾಗಿಯೇ ಕರಗಿಹೋದವಂತೆ. ಇದು ನಿಜವೇ? (ಚಾಮರಾಜನಗರದ ಓದುಗರು)

ಉತ್ತರ: ಕರಗಿದ್ದು ನಿಜ, ತಾನಾಗಿ ಅಲ್ಲ. ಇದರ ಹಿಂದೆ ಎರಡು ಕಂತಿನ ಕಥೆಯಿದೆ. ಕಡುಗೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟವನ್ನು ಸಾಕಿ ಲಾಭ ಮಾಡಿಕೊಳ್ಳುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಹುಳು ತರಿಸಲಾಯಿತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ತಳಿಯಲ್ಲ, ಅದರ ಕಾಡು ದಾಯಾದಿ. ಬಣ್ಣದ ವ್ಯಾಪಾರ ನೆಲಕಚ್ಚಿತು. ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೀರಿ ಒಣಗಿಸಿಬಿಟ್ಟಿತು. ತಪ್ಪಾಗಿ ಬಂದ ಹುಳುವೇ ಕಳೆಯ ಜೈವಿಕ ನಿಯಂತ್ರಣದ ಅತಿ ಹಳೆಯ ಉದಾಹರಣೆಗಳಲ್ಲೊಂದಾಗಿ ಪಠ್ಯಪುಸ್ತಕ ಸೇರಿತು. ಆದರೆ ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮುಟ್ಟಲಿಲ್ಲ. ಅದಕ್ಕಾಗಿ 1926ರಲ್ಲಿ ಸಿಲೋನಿನಿಂದ ಬೇರೆ ಜಾತಿಯ ಕೊಚಿನೀಲ್ ಕೀಟವನ್ನು ತಂದು ಬಿಟ್ಟಾಗ ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆಯ ಕಳ್ಳಿ ಕೊಳೆತು ಬಿದ್ದಿತು.

ಉಳಿದ ಕಳ್ಳಿಯ ಮೇಲೆ ಇಂದಿಗೂ ಆ ಕೀಟವನ್ನು ನೋಡಬಹುದು. ಹತ್ತಿಯ ಚೂರು ಅಂಟಿಸಿದಂತೆ ಕಾಣುವ ಬಿಳಿ ಮೇಣವನ್ನು ಬೆರಳಿನಿಂದ ಒತ್ತಿದರೆ ಕುಂಕುಮ ಕಲಸಿದಂಥ ಕೆಂಪು ಮೆತ್ತಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯನ್ನು ವಾಟರ್ ಹಯಸಿಂತ್ ಮುಚ್ಚಿಕೊಂಡಿದೆ. ಪ್ರತಿ ವರ್ಷ ಯಂತ್ರ ತರಿಸಿ ತೆಗೆಸುತ್ತೇವೆ, ಮತ್ತೆ ಬರುತ್ತದೆ. ಇದಕ್ಕೂ ಹುಳು ಇದೆಯೆಂದು ಕೇಳಿದೆವು. (ಪೂರ್ವ ಬೆಂಗಳೂರಿನ ಕೆರೆ ಸಂರಕ್ಷಣಾ ಗುಂಪು)

ಉತ್ತರ: ಇದೆ, ನಿಮ್ಮ ಕೆರೆಯಲ್ಲೇ ಈಗಾಗಲೇ ಇರುವ ಸಾಧ್ಯತೆಯೂ ಇದೆ. ದಕ್ಷಿಣ ಅಮೆರಿಕ ಮೂಲದ ನಿಯೊಕೆಟಿನಾ ಎಂಬ ಮೂತಿಹುಳುವಿನ ಎರಡು ಜಾತಿಗಳನ್ನು 1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ತಂದು ಇಲ್ಲಿನ ಕೆರೆಗಳಲ್ಲೇ ಮೊದಲು ಬಿಡಲಾಯಿತು. ಎಲೆಯ ಮೇಲೆ ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದಾದ, ಕೆರೆದು ತೆಗೆದಂಥ ಚುಕ್ಕೆಗಳಿವೆಯೇ ನೋಡಿ. ಅದು ಪ್ರೌಢ ಹುಳು ತಿಂದ ಗುರುತು. ಮರಿಹುಳು ಉಬ್ಬಿದ ದಂಟಿನೊಳಗೆ ಸುರಂಗ ಕೊರೆಯುತ್ತದೆ, ಅಲ್ಲಿ ನೀರು ನುಗ್ಗಿ ಗಿಡ ನಿಧಾನವಾಗಿ ಕೊಳೆತು ಮುಳುಗುತ್ತದೆ. ಇದಕ್ಕೆಲ್ಲ ಕೆಲವು ವರ್ಷಗಳು ಬೇಕು. ಪ್ರತಿ ವರ್ಷ ಯಂತ್ರದಿಂದ ಇಡೀ ಕೆರೆಯನ್ನು ಬಳಿದಾಗ ಗಿಡದೊಡನೆ ಹುಳುಗಳೂ ಲಾರಿ ಹತ್ತುತ್ತವೆ, ಉಳಿದ ನಾಲ್ಕಾರು ಗಿಡಗಳು ಹುಳುವಿಲ್ಲದೆ ನೆಮ್ಮದಿಯಾಗಿ ಬೆಳೆಯುತ್ತವೆ. ಒಂದು ಮೂಲೆಯನ್ನು ಹಗ್ಗ ಕಟ್ಟಿ ಮುಟ್ಟದೆ ಬಿಡುವುದು ಒಳ್ಳೆಯದು. ಆದರೆ ಚರಂಡಿ ನೀರು ಸೇರುವ ಕೆರೆಯಲ್ಲಿ ಗಿಡಕ್ಕೆ ಸಿಗುವ ಸಾರ ಎಷ್ಟಿರುತ್ತದೆಂದರೆ, ಹುಳು ತಿಂದದ್ದಕ್ಕಿಂತ ಬೇಗ ಹೊಸ ಎಲೆ ಬಂದಿರುತ್ತದೆ. ಕೊಳಚೆಯನ್ನು ತಡೆಯದೆ ಹುಳುವನ್ನು ದೂರುವುದು ನ್ಯಾಯವಲ್ಲ.

ನೀರಿನ ಕಳೆಗಳಲ್ಲಿ ನಿಜವಾಗಿ ಬೆರಗುಗೊಳಿಸುವ ಗೆಲುವು ಸಾಲ್ವಿನಿಯಾದ್ದು. ಕೇರಳದವರು ಆಫ್ರಿಕನ್ ಪಾಯಲ್ ಎಂದು ಕರೆಯುವ ಈ ತೇಲುವ ಜರೀಗಿಡವನ್ನು ವಿಜ್ಞಾನಿಗಳು ಬಹುಕಾಲ ಬೇರೊಂದು ಜಾತಿಯೆಂದು ತಿಳಿದಿದ್ದರು. ಆ ಬೇರೆ ಜಾತಿಯ ಮೇಲೆ ಹುಡುಕಿ ತಂದ ಮಿಡತೆ ಮೊದಲಾದವುಗಳಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. 1972ರಲ್ಲಿ ಇದು ಪ್ರತ್ಯೇಕ ಜಾತಿಯೆಂದು ಗೊತ್ತಾಗಿ, 1978ರಲ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಇದರ ತವರು ಪತ್ತೆಯಾದಾಗ, ಅಲ್ಲಿ ಇದನ್ನೇ ತಿಂದು ಬದುಕುವ, ಎರಡು ಮಿಲಿಮೀಟರ್ ಉದ್ದದ ಕಪ್ಪು ಮೂತಿಹುಳು ಸಿಕ್ಕಿತು. ಆಸ್ಟ್ರೇಲಿಯಾದ ಮೂಂಡಾರಾ ಕೆರೆಯಲ್ಲಿ 1980ರಲ್ಲಿ ಬಿಟ್ಟ ಈ ಹುಳು ಮರುವರ್ಷವೇ ಕಳೆಯನ್ನು ಬಹುಪಾಲು ಮುಗಿಸಿತ್ತು. ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲಿ ಮಾತ್ರ ಹುಳು ಆರಂಭದಲ್ಲಿ ನೆಲೆ ನಿಲ್ಲಲಿಲ್ಲ. ಅಲ್ಲಿನ ಗಿಡದಲ್ಲಿ ಸಾರಜನಕ ಕಡಿಮೆಯೆಂದು ಅರಿತವರು ಸಣ್ಣ ತುಣುಕಿನ ಕಳೆಗೆ ಯೂರಿಯಾ ಹಾಕಿ ಬೆಳೆಸಿ, ಹುಳು ಹೆಚ್ಚಿದ ಮೇಲೆ ಉಳಿದೆಡೆ ಹಂಚಿದರು. ಕಳೆಯನ್ನು ಕೊಲ್ಲಲು ಕಳೆಗೇ ಗೊಬ್ಬರ ಹಾಕಿದ ಈ ಉಪಾಯ ನನಗೆ ಬಹಳ ಇಷ್ಟ. ಭಾರತದಲ್ಲಿ ಇದೇ ಹುಳು ಬೆಂಗಳೂರಿನ ಒಂದು ನೈದಿಲೆಕೊಳವನ್ನು ವರ್ಷದೊಳಗೆ ತೆರವುಗೊಳಿಸಿ, ಆಮೇಲೆ ಕೇರಳದ ಕಾಲುವೆ ಗದ್ದೆಗಳಲ್ಲಿ ಹೆಸರು ಮಾಡಿತು.

ಪ್ರಶ್ನೆ: ಒಂದು ಹುಳು ಕಳೆಯನ್ನಷ್ಟೇ ತಿನ್ನುತ್ತದೆಂದು ಮೊದಲೇ ಹೇಗೆ ತಿಳಿಯುತ್ತದೆ? ಕಾಡನ್ನು ನುಂಗುತ್ತಿರುವ ಲಂಟಾನಕ್ಕೆ ಏಕೆ ಹುಳು ಬಿಡುತ್ತಿಲ್ಲ? (ಮೈಸೂರಿನ ಸಸ್ಯಶಾಸ್ತ್ರ ವಿದ್ಯಾರ್ಥಿನಿ)

ಉತ್ತರ: ಹುಳುವನ್ನು ಮುಚ್ಚಿದ ಪ್ರಯೋಗಾಲಯದಲ್ಲಿಟ್ಟು, ಕಳೆಯ ಅತಿ ಹತ್ತಿರದ ಬಂಧುಗಳಿಂದ ಆರಂಭಿಸಿ, ದೂರದ ಬಂಧುಗಳು, ಆಮೇಲೆ ಮುಖ್ಯ ಬೆಳೆಗಳು ಎಂಬ ಕ್ರಮದಲ್ಲಿ ಒಂದೊಂದೇ ಗಿಡವನ್ನು ಒಡ್ಡುತ್ತಾರೆ. ಬೇರೆ ಆಹಾರವನ್ನೇ ಕೊಡದಿದ್ದಾಗ ಅದು ಉಪವಾಸ ಸಾಯುತ್ತದೆಯೋ ಅಥವಾ ತಿಂದು, ಮೊಟ್ಟೆಯಿಟ್ಟು, ಮರಿ ಬೆಳೆಸುತ್ತದೆಯೋ ಎಂಬುದೇ ಅಲ್ಲಿನ ಪರೀಕ್ಷೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಇಂಥ ಹುಳುವನ್ನು ದೇಶದೊಳಗೆ ತರುವಂತಿಲ್ಲ, ಬಿಡುವಂತೆಯೂ ಇಲ್ಲ.

ಲಂಟಾನಕ್ಕೆ ಹುಳು ಬಿಟ್ಟಿಲ್ಲವೆಂಬುದು ಸರಿಯಲ್ಲ. ಲೋಕದಲ್ಲಿ ಮೊದಲು ಯೋಜಿತವಾಗಿ ಹುಳು ಹುಡುಕಿದ್ದು ಆ ಗಿಡಕ್ಕೇ, 1902ರಲ್ಲಿ, ಹವಾಯಿ ದ್ವೀಪಗಳಿಗಾಗಿ. ಭಾರತಕ್ಕೆ 1921ರಲ್ಲೇ ಅದರ ಕಾಯಿ ತಿನ್ನುವ ನೊಣ ಬಂದಿತ್ತು. 1941ರಲ್ಲಿ ತಂದ ಒಂದು ತಿಗಣೆ ಪರೀಕ್ಷೆಯಲ್ಲಿ ತೇಗವನ್ನೂ ತಿಂದದ್ದರಿಂದ ಅದನ್ನು ನಾಶಮಾಡಲು ತೀರ್ಮಾನಿಸಲಾಯಿತಾದರೂ, ಅದು ಅಷ್ಟರಲ್ಲಿ ಹೇಗೋ ಹೊರಗೆ ತಪ್ಪಿಸಿಕೊಂಡು ಇಂದು ಲಂಟಾನವಿದ್ದಲ್ಲೆಲ್ಲ ಇದೆ. ತೇಗದ ತೋಪುಗಳು ಉಳಿದುಕೊಂಡವು, ಲಂಟಾನವೂ ಉಳಿದುಕೊಂಡಿತು. ಲಂಟಾನ ಒಂದು ಶುದ್ಧ ಕಾಡುಜಾತಿಯಲ್ಲ. ಯೂರೋಪಿನ ತೋಟಗಾರರು ಹೂವಿನ ಬಣ್ಣಕ್ಕಾಗಿ ಬೆರೆಸಿ ಬೆರೆಸಿ ಮಾಡಿದ ಮಿಶ್ರತಳಿಗಳ ಗುಂಪು. ಒಂದು ಬಗೆಯನ್ನು ಇಷ್ಟಪಡುವ ಹುಳು ಪಕ್ಕದ ಬಗೆಯನ್ನು ಮೂಸಿಯೂ ನೋಡದಿರಬಹುದು. ಎಲೆ ಹೋದರೂ ಬುಡದಿಂದ ಚಿಗುರುವ ಶಕ್ತಿ ಬೇರೆ. ಸದ್ಯಕ್ಕೆ ಬೇರುಸಹಿತ ತೆಗೆದು, ಆ ಜಾಗದಲ್ಲಿ ಹುಲ್ಲು, ಮರಗಳನ್ನು ಮರಳಿ ಎಬ್ಬಿಸುವ ದಾರಿಯೇ ಹೆಚ್ಚು ಭರವಸೆಯದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕನಕಪುರ ರಸ್ತೆಯ ನಮ್ಮ ತೋಟದ ಬೇಲಿಯ ಕಮ್ಯುನಿಸ್ಟ್ ಗಿಡದ ಕಾಂಡಗಳಲ್ಲಿ ಹಸಿರು ಗಂಟುಗಳು ಬಂದಿವೆ. ರೋಗವೇ? ಸುಟ್ಟುಹಾಕಬೇಕೆ?

ಉತ್ತರ: ಸುಡಬೇಡಿ. ಅದು ಸೆಸಿಡೊಕ್ಯಾರಿಸ್ ಎಂಬ ಗಂಟುನೊಣದ ಕೆಲಸವಿರಬೇಕು. ಇಂಡೋನೇಷ್ಯಾದಿಂದ ತರಿಸಿ, ಪರೀಕ್ಷಿಸಿ, 2005ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ನೊಣ. ಒಂದು ಗಂಟನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಪುಟ್ಟ ಕೋಣೆಗಳೂ ಒಳಗೆ ಬಿಳಿ ಮರಿಹುಳುಗಳೂ ಕಾಣಬೇಕು. ಗಿಡ ಸಾಯುವುದಿಲ್ಲ, ಆದರೆ ಸಾರವೆಲ್ಲ ಗಂಟಿಗೇ ಹೋಗಿ ಹೂವು ಬೀಜಗಳು ಕಡಿಮೆಯಾಗುತ್ತವೆ. ಬೇಲಿ ಸವರಲೇಬೇಕಿದ್ದರೆ ಗಂಟಿರುವ ಕಡ್ಡಿಗಳನ್ನು ಬೇರ್ಪಡಿಸಿ, ಅದೇ ಗಿಡಗಳ ಪೊದೆಯ ಪಕ್ಕದಲ್ಲಿ ಕಟ್ಟು ಕಟ್ಟಿ ನಿಲ್ಲಿಸಿ. ಬಲಿತ ನೊಣಗಳು ಹೊರಬಂದು ಅಲ್ಲಿಗೇ ಹಾರುತ್ತವೆ.