ಅಪ್ಪ ಎಲ್ಲದಕ್ಕೂ ‘ಗ್ಯಾಸ್’ ಅಂತಾರೆ, ಯಾವಾಗ ಆಸ್ಪತ್ರೆಗೆ ಓಡಬೇಕು?

ನೀವು ಕೇಳಿದ್ದು ಇಷ್ಟು: ತಂದೆಗೆ 58, ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ, ನೀವಿರುವುದು ಬೆಂಗಳೂರಿನಲ್ಲಿ. ಏನೇ ಆದರೂ ಗ್ಯಾಸ್ ಅಂತ ಒಂದು ಮಾತ್ರೆ ನುಂಗಿ ಮಲಗುತ್ತಾರೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟು 22 ವರ್ಷ ಆಯಿತು. ನಿಮ್ಮ ತಂದೆಯಂಥವರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ಬಂದವರು ಕಾಯಿಲೆ ಏನು ಅಂತ ಕೇಳುವುದಿಲ್ಲ, ಅದನ್ನು ಅವರೇ ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. "ಗ್ಯಾಸಿಗೆ ಒಂದು ಗುಳಿಗಿ ಕೊಡ್ರಿ." ನಮ್ಮ ಕಡೆ ಗ್ಯಾಸ್ ಅನ್ನೋದು ದೊಡ್ಡ ಗೋಣಿಚೀಲ. ಎದೆನೋವು, ಸುಸ್ತು, ಬೆನ್ನು ಹಿಡಿದದ್ದು, ತಲೆ ಸುತ್ತಿದ್ದು ಎಲ್ಲ ಅದರೊಳಗೆ ಹಿಡಿಸುತ್ತೆ. ತಡ ಆಗುವುದು ಅಲ್ಲೇ. ಸಣ್ಣ ಹೆಸರು ಇಟ್ಟ ಮೇಲೆ ಯಾರೂ ಗಡಿಬಿಡಿ ಮಾಡುವುದಿಲ್ಲ, ಅಲ್ವಾ?

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಬೀದಿಯಲ್ಲೇ ಒಂದು ಬೆಣ್ಣೆ ದೋಸೆ ಹೋಟೆಲ್ ಇದೆ. ಅಲ್ಲಿ ದೋಸೆ ಹುಯ್ಯುವವರು ಬೆಳಗ್ಗೆ ಏಳೂವರೆಗೆ ಅಂಗಡಿಗೆ ಬಂದರು. ಐವತ್ತರ ಆಸುಪಾಸು. ದಿನಾ ಕಟ್ಟಿಗೆ ಒಲೆ ಮುಂದೆ ನಿಂತು ಬೆವರುವ ಮನುಷ್ಯ, ಹಾಗಾಗಿ ಬನಿಯನ್ ತೊಯ್ದದ್ದು ನನಗೆ ವಿಶೇಷ ಅನಿಸಲಿಲ್ಲ. "ರಾತ್ರಿ ಮಿರ್ಚಿ ಮಂಡಕ್ಕಿ ಜಾಸ್ತಿ ಆತು. ಎದಿ ಹಿಡಕಂಡಂಗ ಆಗೈತಿ. ಒಂದು ಪ್ಯಾನ್-ಡಿ ಕೊಡಣ್ಣ" ಅಂದರು. ಗ್ಯಾಸಿನ ಮಾತ್ರೆ ಅದು. ಕೊಟ್ಟೆ. ಹೌದು, ನಾನೇ ಕೊಟ್ಟೆ, ಒಂದು ಮಾತೂ ಕೇಳದೆ. ಆಮೇಲೆ ಅವರು ಇಪ್ಪತ್ತರ ನೋಟು ಚಾಚಿದರು. ನೋಟು ನೆಂದು ಬಟ್ಟೆಯಂತೆ ಮೆತ್ತಗಾಗಿತ್ತು. ತೆಗೆದುಕೊಳ್ಳುವಾಗ ಅವರ ಬೆರಳು ತಾಗಿತು. ಬಾವಿ ನೀರಿನ ಹಾಗೆ ತಣ್ಣಗಿತ್ತು. ಈಗಷ್ಟೇ ಒಲೆ ಮುಂದಿನಿಂದ ಎದ್ದು ಬಂದವರ ಕೈ ತಣ್ಣಗೆ ಯಾಕಿರಬೇಕು?

ಅಂಗಡಿ ಹುಡುಗನ ಕೈಗೆ ಬಿಟ್ಟು ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ "ಹಿಟ್ಟು ಹಂಗೇ ಬಿಟ್ಟು ಬಂದೀನಿ" ಅಂತ ಅವರದ್ದು ಒಂದೇ ಮಾತು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಕೂಡಲೇ ಸ್ಟ್ರೆಚರ್ ತಂದರು. ಹಾರ್ಟ್ ಅಟ್ಯಾಕ್. ಅವತ್ತೇ ಸ್ಟೆಂಟ್ ಹಾಕಿದರು. ಈಗ ಅದೇ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ, ಒಲೆ ಕಡೆ ಹೋಗುವುದಿಲ್ಲ.

ಅವತ್ತಿನಿಂದ ಎದೆ ಅಂತ ಯಾರು ಬಂದರೂ ನಾನು ಮೊದಲು ಮೂರು ಮಾತು ಕೇಳುತ್ತೇನೆ. ಉರಿಯುತ್ತಾ, ಹಿಂಡುತ್ತಾ? ನಡೆದರೆ ಜಾಸ್ತಿ ಆಗಿ ಕೂತರೆ ಕಮ್ಮಿ ಆಗುತ್ತಾ? ಜೊತೆಗೆ ಇನ್ನೇನಾದರೂ ಇದೆಯಾ, ತಣ್ಣನೆ ಬೆವರು, ವಾಂತಿ, ಎಡಗೈ, ದವಡೆ, ಬೆನ್ನು ಜಗ್ಗುವುದು, ಉಸಿರು ಸಾಲದಂತಾಗುವುದು? ಊಟ ಆದ ಮೇಲೆ ಉರಿದು, ಹುಳಿತೇಗು ಬಂದು, ಮಲಗಿದರೆ ಜಾಸ್ತಿ ಆಗುವುದು ಬಹುಮಟ್ಟಿಗೆ ಹೊಟ್ಟೆಯ ಕಥೆ. ಎದೆ ಮೇಲೆ ಕಲ್ಲು ಇಟ್ಟಂತೆ ಒತ್ತಿ, ಹತ್ತು ಹದಿನೈದು ನಿಮಿಷವಾದರೂ ಇಳಿಯದೆ ಇದ್ದರೆ ಹೃದಯ ಅಂತಲೇ ತಿಳಿದು ಹೊರಡಬೇಕು. ಬೆವರೂ ಇದ್ದರೆ ಆ ಹತ್ತು ನಿಮಿಷವೂ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದೆ ಇರಬಹುದು. ಸುಮ್ನೆ ಸುಸ್ತು, ಏದುಸಿರು, ಬೆವರು, ಅಷ್ಟೇ. ಹೆಂಗಸರಲ್ಲೂ ಎಷ್ಟೋ ಸಲ ಹೀಗೇ ಬರುತ್ತೆ. ಮನೆಯಲ್ಲಿ ನಿಮ್ಮ ತಾಯಿಯೂ ಇದ್ದಾರೆ ಅಂದುಕೊಂಡು ಈ ಮಾತು ಸೇರಿಸಿದೆ. ತಂದೆ ಬಗ್ಗೆ ಕೇಳುವವರು ತಾಯಿ ಬಗ್ಗೆ ಕೇಳುವುದೇ ಇಲ್ಲ.

ಇನ್ನೊಂದು ಮಾತು. ಈ ಮೂರು ಪ್ರಶ್ನೆಯಿಂದ ನಾನಾಗಲಿ ನೀವಾಗಲಿ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ಇಸಿಜಿ ಬೇಕು. ಮೊದಲ ಇಸಿಜಿ ಸರಿಯಿದ್ದರೂ ಡಾಕ್ಟರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೊನಿನ್ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ. "ದುಡ್ಡು ಕೀಳ್ತಾರೆ" ಅಂತ ಎದ್ದು ಬರಬೇಡಿ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದರು. 46 ವರ್ಷ. ಆಮೇಲೆ ಕೆಲವು ವಾರ ನನ್ನ ಅಂಗಡಿಗೆ ಬಂದವರೆಲ್ಲ ಇಸಿಜಿ ಎಲ್ಲಿ ತೆಗೀತಾರೆ ಅಂತ ಕೇಳೋರು. ಈಗ ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಅದರಲ್ಲಿ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ಕಳಿಸುತ್ತಾರೆ. ಅವರು ಹೇಳಿದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ಉಚಿತ. ಬಹಳ ದುಬಾರಿ ಔಷಧಿ ಅದು. ಹಾಗಾಗಿ ಎದೆನೋವು ಬಂದರೆ ಹಳ್ಳಿಯಿಂದ ನೇರ ದಾವಣಗೆರೆಗೇ ಹೋಗಬೇಕು ಅಂತ ಗಾಡಿ ಹುಡುಕುತ್ತಾ ಕೂರಬೇಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಮೊದಲು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಸಿಗುತ್ತಾ ಅಂತ ಇವತ್ತೇ ವಿಚಾರಿಸಿಡಿ. 108ಕ್ಕೆ ಫೋನ್ ಮಾಡಿ. ದಯವಿಟ್ಟು ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋಗಬೇಡಿ. ನಮ್ಮ ಕಡೆ ಇದು ಸಿಕ್ಕಾಪಟ್ಟೆ ನಡೆಯುತ್ತೆ.

ಲಕ್ವದ ಲೆಕ್ಕ ಬೇರೆ. ಅದಕ್ಕೆ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಮುಖ ಒಂದು ಕಡೆ ಜೋತು ಬೀಳುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ಒಂದೇ ಸಲಕ್ಕೆ ಕಣ್ಣು ಮಂಜಾಗುವುದು. ಇವೆಲ್ಲ ಇದ್ದಕ್ಕಿದ್ದಂತೆ ಬರುತ್ತವೆ. ನಮ್ಮ ಗಿರಾಕಿಯೊಬ್ಬರ ಮನೆಯಲ್ಲಿ ಇದನ್ನು ಮೊದಲು ಗುರುತಿಸಿದ್ದು ಸೊಸೆ. ಅತ್ತೆ ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ಕೆಂಪು ರಸ ಎಡಗಡೆ ಬಾಯಂಚಿನಿಂದ ಗಲ್ಲಕ್ಕೆ ಇಳಿದು ಸೀರೆ ಮೇಲೆ ಬೀಳುತ್ತಿದೆ, ಅವರಿಗೆ ಗೊತ್ತೇ ಆಗಿಲ್ಲ. "ಅತ್ತೀ, ಎರಡೂ ಕೈ ಮೇಲೆತ್ರಿ" ಅಂದಳಂತೆ. ಒಂದು ಕೈ ಮೇಲೆ ಹೋಯಿತು, ಇನ್ನೊಂದು ಅರ್ಧಕ್ಕೇ ಇಳಿಯಿತು. ಆ ಹುಡುಗಿ ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ನನಗಿಂತ ಜಾಣೆ.

ಗಡ್ಡೆಯಿಂದ ಆದ ಲಕ್ವಕ್ಕೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ. ಲೆಕ್ಕ ಶುರುವಾಗುವುದು ಮನುಷ್ಯ ಕೊನೆಗೆ ಸರಿಯಿದ್ದದ್ದನ್ನು ಯಾರಾದರೂ ನೋಡಿದ ಹೊತ್ತಿನಿಂದ. ರಾತ್ರಿ ಮಲಗಿ ಬೆಳಗ್ಗೆ ಹೀಗೆ ಎದ್ದರೆ ಮಲಗಿದ ಹೊತ್ತೇ ಲೆಕ್ಕ. ಡಾಕ್ಟರ್ ಮೊದಲು ಕೇಳುವುದೇ ಅದನ್ನು, ಬರೆದಿಟ್ಟುಕೊಳ್ಳಿ. ನಾಲ್ಕೂವರೆ ಗಂಟೆ ದಾಟಿತು ಅಂತ ಮನೆಯಲ್ಲಿ ಉಳಿಯುವುದೂ ಬೇಡ, ಬೇರೆ ಚಿಕಿತ್ಸೆ ಇರುತ್ತೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆಸ್ಪಿರಿನ್ ಅಂತೂ ಬೇಡವೇ ಬೇಡ. ಗಡ್ಡೆಯಿಂದ ಆದದ್ದೋ ರಕ್ತ ಸೋರಿ ಆದದ್ದೋ ಹೊರಗಿನಿಂದ ಗೊತ್ತಾಗುವುದಿಲ್ಲ. ಪಾರಿವಾಳದ ರಕ್ತ ಹಚ್ಚುವುದು, ನಾಟಿ ಔಷಧಿ ಹುಡುಕಿಕೊಂಡು ಇನ್ನೊಂದು ಊರಿಗೆ ಹೋಗುವುದು, ಇದರಲ್ಲೇ ಆ ಹೊತ್ತು ಕಳೆದುಹೋಗುತ್ತೆ. ಕೈ ಸೋತು ಹತ್ತು ನಿಮಿಷದಲ್ಲಿ ತಾನಾಗೇ ಸರಿಹೋದರೂ ತಕ್ಷಣ ತೋರಿಸಬೇಕು. ಬಂದು ಹೋಯಿತು ಅಂದರೆ ಮತ್ತೆ ಬರಬಹುದು ಅಂತ ಅರ್ಥ.

ಕಾಯಬಹುದಾದದ್ದು ಏನು ಅಂತಲೂ ಕೇಳಿದ್ದೀರಿ. ನೆಗಡಿ, ಗಂಟಲು ಕೆರೆತ, ಮೈಕೈ ನೋವಿಗೆ ಎರಡು ಮೂರು ದಿನ ಕಾಯಬಹುದು. ಭೇದಿಗೆ ಓಆರ್‌ಎಸ್ ಕುಡಿಯುತ್ತಾ, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ದೊಡ್ಡವರು ಒಂದೆರಡು ದಿನ ನೋಡಬಹುದು. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರಿಗೆ ಒಂದು. ಲೋಟಕ್ಕೆ ಚೂರು ಚೂರು ಉದುರಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿ ಆದರೆ ಕಾಯುವಂತಿಲ್ಲ.

ಜ್ವರದ ವಿಷಯ ಸ್ವಲ್ಪ ಹುಷಾರು. ನಲ್ಲಿ ನೀರು ದಿನಾ ಬರದ ಕಡೆ ಡ್ರಮ್ಮು, ತೊಟ್ಟಿ ತುಂಬಿಸಿಡುತ್ತೇವೆ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಆ ನೀರಿನಲ್ಲೇ. ಮಳೆಗಾಲದಲ್ಲಿ ಎರಡು ದಿನ ದಾಟಿದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಜನ ಎಡವುವುದು ಎಲ್ಲಿ ಗೊತ್ತಾ? ಜ್ವರ ಬಿಟ್ಟಾಗ. "ಬೆವರು ಬಂತು, ಜ್ವರ ಇಳೀತು" ಅಂತ ತೋಟಕ್ಕೆ ಹೋಗುತ್ತಾರೆ. ಡೆಂಗ್ಯೂನಲ್ಲಿ ಅಪಾಯ ಶುರುವಾಗುವುದೇ ಆಗ, ಮೂರರಿಂದ ಏಳನೇ ದಿನದ ಒಳಗೆ. ಹೊಟ್ಟೆ ಜೋರಾಗಿ ನೋಯುವುದು, ವಾಂತಿ ನಿಲ್ಲದೆ ಇರುವುದು, ಒಸಡಲ್ಲಿ ರಕ್ತ, ಎದ್ದು ಕೂರಲಾಗದ ಸುಸ್ತು, ಸುಮ್ಮನೆ ಚಡಪಡಿಸುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆ. ಜ್ವರಕ್ಕೆ ಡೋಲೋ ಥರದ ಪ್ಯಾರಾಸಿಟಮಾಲ್ ಮಾತ್ರ. ನೋವಿನ ಮಾತ್ರೆ, "ಸೊಂಟಕ್ಕೊಂದು ಸೂಜಿ ಚುಚ್ಚಿಬಿಡ್ರಿ" ಅನ್ನೋದು ಬೇಡ. ರಕ್ತಸ್ರಾವ ಜಾಸ್ತಿ ಆಗುತ್ತೆ.

ಇನ್ನು ಸದ್ದಿಲ್ಲದೆ ಬರುವವು. ಅಡಿಕೆ ತೋಟದವರು ಅಂದಿರಿ. ಬೇಜಾರು ಮಾಡಿಕೊಳ್ಳಬೇಡಿ, ಬರೀ ಅಡಿಕೆ ಅಗಿದರೂ, ತಂಬಾಕು ಸೇರಿಸದಿದ್ದರೂ, ಬಾಯಿ ಕ್ಯಾನ್ಸರ್ ಬರಬಹುದು. ಅವರ ಬಾಯಿಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಇಡಲು ಹೇಳಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿದರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಬಿಳಿ ಕಲೆಯೋ ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಅದನ್ನೂ ನಮ್ಮ ಜನ ‘ಉಷ್ಣ’ ಅಂತಾರೆ. ಕೆಮ್ಮು ಎರಡು ವಾರ ದಾಟಿತು, ಸಂಜೆ ಹೊತ್ತು ಮೈ ಬೆಚ್ಚಗಾಗುತ್ತೆ, ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲ ಅಂದರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಟಿಬಿ ಇದ್ದರೆ ಔಷಧಿಯೂ ಉಚಿತ. ಸಕ್ಕರೆ ಕಾಯಿಲೆ ಇದ್ದರೆ ಕಾಲಿನ ಗಾಯ ಎಷ್ಟೇ ಸಣ್ಣದಿರಲಿ ತೋರಿಸಬೇಕು.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಕಳವಳ ಇರುವುದು ಆ ‘ಒಂದು ಮಾತ್ರೆ’ ಬಗ್ಗೆ. ಅದು ಯಾವ ಮಾತ್ರೆ? ಗ್ಯಾಸಿನದ್ದು ಅಂತ ಅವರು ಹೇಳಿದರೂ ಮಂಡಿನೋವಿಗೆ, ಸೊಂಟನೋವಿಗೆ ನೋವಿನ ಮಾತ್ರೆಯನ್ನೂ ಜೊತೆಗೆ ನುಂಗುವವರು ಬಹಳ ಜನ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಥರದ್ದನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿಗೆ ಹೊಡೆತ, ಬಿಪಿ ಏರುತ್ತೆ. ಹುಣ್ಣು ರಕ್ತ ಸೋರಿದರೆ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ, ಕೆಟ್ಟ ನಾತ ಬರುತ್ತೆ. ಅವತ್ತೇ ಆಸ್ಪತ್ರೆ. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತೆ, ಅದನ್ನೂ ಡಾಕ್ಟರಿಗೆ ಹೇಳಿ.

ನೀವು ಬೆಂಗಳೂರಿನಲ್ಲಿ ಕೂತು ಏನು ಮಾಡಬಹುದು? ಹೇಗಿದ್ದೀರಿ ಅಂತ ತಂದೆಯನ್ನೇ ಕೇಳಿದರೆ "ಆರಾಮದೀನಿ" ಅಂತಾರೆ. ತಾಯಿಯನ್ನು ಕೇಳಿ. ಅದೂ ಹೇಗಿದ್ದಾರೆ ಅಂತ ಅಲ್ಲ. ತೋಟಕ್ಕೆ ಹೋಗುವಾಗ ಈಗ ನಡುವೆ ಎಲ್ಲಾದರೂ ಕೂರುತ್ತಾರಾ? ರಾತ್ರಿ ಎಷ್ಟು ಸಲ ಏಳುತ್ತಾರೆ? ಮಲಗಿದರೆ ಉಸಿರು ಸಾಲದು ಅಂತ ಎರಡು ದಿಂಬು ಇಟ್ಟುಕೊಳ್ಳುತ್ತಾರಾ? ಊಟ ಅರ್ಧಕ್ಕೆ ಬಿಡುತ್ತಾರಾ? ಮೊದಲು ಮಾಡುತ್ತಿದ್ದದ್ದನ್ನು ಈಗ ಬಿಟ್ಟಿದ್ದಾರೆ ಅಂದರೆ ಕಿವಿ ನೆಟ್ಟಗೆ ಮಾಡಿ. ತಂದೆ ಫೋನಿನಲ್ಲಿ ಒಂದು ಮಾತು ಮುಗಿಸುವಷ್ಟರಲ್ಲಿ ಉಸಿರಿಗೆ ನಿಲ್ಲುತ್ತಾರಾ ಅಂತ ಕೇಳಿಸಿಕೊಳ್ಳಿ.

ಬಿಪಿ, ಸಕ್ಕರೆ ಪರೀಕ್ಷೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಆಗುತ್ತೆ. ಬಿಪಿಗೆ ಲಕ್ಷಣ ಅಂತ ಕಾಯಬೇಡಿ, ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ. ಆಸ್ಪತ್ರೆ ಅಂದರೆ ಅವರು ಹೊರಡದಿದ್ದರೆ ಅಡಿಕೆ ರೇಟು ನೋಡಿಕೊಂಡು ಬರಲು ಪೇಟೆಗೆ ಕಳಿಸಿ, ತಾಯಿಯನ್ನೂ ಜೊತೆ ಮಾಡಿ. ಬರುವಾಗ ಬಿಪಿ ನೋಡಿಸಿಕೊಂಡು ಬರಲಿ. ನಮ್ಮ ಮಾವನವರನ್ನು ನಾನು ಹಾಗೇ ಕರೆದೊಯ್ದಿದ್ದು. ದೋಸೆ ತಿನ್ನಿಸುತ್ತೇನೆ ಅಂತ ಹೊರಡಿಸಿದೆ. ಬಿಪಿ 190 ಇತ್ತು, ಬೆಣ್ಣೆ ಇಲ್ಲದ ಖಾಲಿ ದೋಸೆ ತಿಂದರು, ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಈ ಭಾನುವಾರ ತಾಯಿಯ ಕೈಯಲ್ಲಿ ತಂದೆಯ ಮಾತ್ರೆ ಡಬ್ಬಿ ತೆರೆಸಿ, ಒಳಗಿರುವ ಸ್ಟ್ರಿಪ್‌ಗಳ ಫೋಟೋ ತರಿಸಿಕೊಳ್ಳಿ, ಹಿಂಬದಿ ಅಕ್ಷರ ಕಾಣುವಂತೆ. ಹೆಸರುಗಳನ್ನು ನನಗೆ ಬರೆದು ಕಳಿಸಿದರೆ ಯಾವುದು ಏನು ಅಂತ ಹೇಳುತ್ತೇನೆ. ಅಂಗಡಿ ಮುಚ್ಚುವುದು ಹತ್ತೂವರೆಗೆ, ಉತ್ತರ ಅದಾದ ಮೇಲೆ.