ಹದಿನಾರು ತಂಡದಿಂದ ಅರವತ್ನಾಲ್ಕಕ್ಕೆ

ಪ್ರಶ್ನೆ: ಕಲಬುರಗಿಯಲ್ಲಿ 16 ತಂಡಗಳ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಆಟ) ಟೂರ್ನಿ ನಡೆಸುತ್ತಿದ್ದೇವೆ. ಬೀದರ್, ಯಾದಗಿರಿ ಸೇರಿಸಿ 64 ತಂಡಕ್ಕೆ ಬೆಳೆಸುವಾಸೆ. ಆದರೆ ಕಳೆದ ಸಲ ಹಾಲ್‌ನಲ್ಲಿ ನೆಟ್ ಕೈಕೊಟ್ಟಿತು. ಏನು ಮಾಡಬೇಕು?

ಉತ್ತರ: 64 ತಂಡಗಳನ್ನೂ ಹಾಲ್‌ಗೆ ಕರೆಸಬೇಡಿ. ಹದಿನಾರರ ನಾಲ್ಕು ಗುಂಪು ಮಾಡಿ ಅರ್ಹತಾ ಸುತ್ತನ್ನು ಆನ್‌ಲೈನ್‌ನಲ್ಲೇ ಮುಗಿಸಿ. ಪ್ರತಿ ಗುಂಪಿನ ಮೊದಲ ನಾಲ್ಕು ತಂಡ ಮಾತ್ರ ಕಲಬುರಗಿಗೆ ಬರಲಿ.

ಫೈನಲ್‌ಗೆ 16 ತಂಡ, ತಲಾ ನಾಲ್ವರು, ಒಟ್ಟು 64 ಫೋನು. ಅಷ್ಟನ್ನೂ ಒಂದೇ ವೈಫೈ ರೂಟರ್‌ಗೆ ಹಾಕಿದರೆ ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ಹಿಡಿಯುವ ಸಮಯ) ಏರಿ ಆಟಗಾರ ನಿಂತಲ್ಲೇ ನಿಲ್ಲುತ್ತಾನೆ. ಇಂಟರ್‌ನೆಟ್ ವೇಗ ಸಾಲದೆ ಅಲ್ಲ, ಗಾಳಿಯಲ್ಲಿ ಸಿಗ್ನಲ್‌ಗಳ ನೂಕುನುಗ್ಗಲು! ನಾಲ್ಕು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಹಾಕಿ, 5 ಗಿಗಾಹರ್ಟ್ಸ್ ವೈಫೈನಲ್ಲಿ ಬೇರೆ ಬೇರೆ ಚಾನೆಲ್ ಕೊಡಿ, ತಲಾ 16 ಫೋನು. ಆಟದ ಅಪ್‌ಡೇಟ್ ಹಿಂದಿನ ದಿನವೇ ಆಗಿರಲಿ. ರೂಟರ್‌ಗಳಿಗೆ ಯುಪಿಎಸ್, ಇನ್ನೊಂದು ಕಂಪನಿಯ ಫೈಬರ್ ಕಾಯ್ದಿರಿಸಿ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಫೋನ್ ಕಾದು ಫ್ರೇಮ್ ಬೀಳುತ್ತದೆ, ಅಂದರೆ ಚಿತ್ರ ತಡವರಿಸುತ್ತದೆ. ಚಾರ್ಜ್ ಹಾಕಿಕೊಂಡು ಆಡಿದರಂತೂ ಮುಗಿಯಿತು. ಡಿಸೆಂಬರ್ ಒಳ್ಳೆಯದು.

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ, ಪಣದ ಆಟಕ್ಕಲ್ಲ. ಪ್ರವೇಶ ಶುಲ್ಕ ಖರ್ಚಿಗಷ್ಟೇ ಇರಲಿ, ಬಹುಮಾನದ ಹಣ ಪ್ರಾಯೋಜಕರಿಂದ ಬರಲಿ. ಆಟದ ಮಾಲೀಕ ಕಂಪನಿ ಕ್ರಾಫ್ಟನ್‌ನ ಅನುಮತಿಯನ್ನು ಪೋಸ್ಟರ್ ಅಚ್ಚಿಗೆ ಹೋಗುವ ಮೊದಲೇ ಕೇಳಿ.